ಅಕಿಗಿಂತ ಎರಡು ಬೆರಳು ಗಿಡ್ಡ

ಇದನ್ನು ನೀವು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟಿ. ಓದಿ ಮುಗಿಸಿದ ಮೇಲೆ ‘ಈ ಹುಡುಗಿ ಬರೀ ಸುಳ್ಳು ಹೇಳುತ್ತಾಳೆ’ ಎನ್ನುತ್ತೀರಿ. ಅನ್ನಿ. ಸುಳಿಗೂ ಸುಳ್ಳಿಗೂ ನಡುವೆ ಇರುವುದು ಒಂದು ಒತ್ತು ಮಾತ್ರ, ನನ್ನ ಕಥೆಯಲ್ಲಿ ಎರಡೂ ಇವೆ. ಸುಳಿ ನೆತ್ತಿಯ ಮೇಲಿತ್ತು, ಸುಳ್ಳು ಬಾಯಲ್ಲಿತ್ತು.

ಹೋದ ಬೇಸಿಗೆಯವರೆಗೆ ನನಗೆ ಮೊಣಕಾಲು ಮುಟ್ಟುವ ಹೆರಳಿತ್ತು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ಕೆಲವರು ಹಿಮ್ಮಡಿ ಮುಟ್ಟುತ್ತಿತ್ತು ಎಂದೂ ಹೇಳಿಯಾರು, ಅವರಿಗೆ ಹಾಗೆ ಹೇಳಿದವಳು ನಾನೇ. ಭಾನುವಾರ ತಲೆಗೆ ಎರೆದುಕೊಂಡರೆ ಬುಧವಾರ ಒಣಗುತ್ತಿತ್ತು. ಅವ್ವ ಮಂಚದ ಮೇಲೆ ನನ್ನನ್ನು ಬೋರಲು ಮಲಗಿಸಿ, ಕೂದಲನ್ನು ಹಪ್ಪಳ ಹರವಿದಂತೆ ಹರವಿ, ಕಾಗೆ ಬಾರದಂತೆ ಕಾಯುತ್ತಿದ್ದಳು. ಮನೆಗೆ ಬಂದವರು ಚಹಾ ಕುಡಿಯುವ ಮೊದಲು ನನ್ನ ಹೆರಳು ನೋಡುತ್ತಿದ್ದರು. ಅಪ್ಪನಂತೂ ಅದನ್ನು ಕೈಯಲ್ಲಿ ತೂಗಿ, “ಜವಾರಿ ಎತ್ತಿನ ಬಾಲ ಇದ್ದಂಗ ಐತಿ” ಎನ್ನುತ್ತಿದ್ದ. ನಗಬೇಡಿ. ಅಪ್ಪನ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಯಾವ ಮನುಷ್ಯರಿಗೂ ಸಿಕ್ಕಿಲ್ಲ.

ಯಾಕೆಂದರೆ ಅಪ್ಪ ಒಕ್ಕಲುತನದ ಜೊತೆಗೆ ಎತ್ತಿನ ಸುಳಿ ನೋಡುತ್ತಾನೆ. ಎತ್ತಿನ ಮೈಮೇಲೆ ಕೂದಲು ಚಕ್ರದ ಹಾಗೆ ಸುತ್ತಿಕೊಂಡಿರುತ್ತದಲ್ಲ, ಅದು ಎಲ್ಲಿದ್ದರೆ ಮನೆಗೆ ಒಳ್ಳೆಯದು, ಎಲ್ಲಿದ್ದರೆ ಕೆಡುಕು ಎಂದು ಬೆರಳಿಟ್ಟು ಹೇಳುತ್ತಾನೆ. ಸಂಪಗಾಂವ, ಹೂಲಿ, ರಾಮದುರ್ಗದ ಕಡೆಯವರೂ ಎತ್ತು ಕೊಳ್ಳುವ ಮೊದಲು ಅಪ್ಪನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ಸವದತ್ತಿಯ ನನ್ನ ಆಯಿ, ಅಂದರೆ ಅವ್ವನ ಅವ್ವ, ದೇವರ ಮಾತನ್ನು ಒಮ್ಮೊಮ್ಮೆ ಅನುಮಾನಿಸುತ್ತಾಳೆ, ಸುಳಿಯ ವಿಷಯದಲ್ಲಿ ಅಳಿಯನ ಮಾತನ್ನು ಎಂದೂ ಇಲ್ಲ.

ಹೋದ ಬೇಸಿಗೆಯಲ್ಲಿ ಅದೇ ಆಯಿಯ ಮನೆಯಲ್ಲಿ ಮೌಶಿಯ ಮದುವೆ ಗೊತ್ತಾಯಿತು. ಮೌಶಿ ಅವ್ವನ ಕೊನೆಯ ತಂಗಿ. ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲಲು ಒಬ್ಬ ಹುಡುಗಿ ಬೇಕು, ಕಳಸಗಿತ್ತಿ. ಮದುಮಗಳಿಗೆ ಬೀಳುವ ಅಕ್ಷತೆಯಲ್ಲಿ ಅರ್ಧ ಅವಳ ಮೇಲೆ ಬೀಳುತ್ತದೆ. ಅದಕ್ಕಿಂತ ಮುಖ್ಯ, ಎಲ್ಲ ಫೋಟೊದಲ್ಲೂ ಅವಳಿರುತ್ತಾಳೆ. ಆ ಜಾಗ ನನ್ನದೇ ಎಂದು ನಾನು ನಾಲ್ಕನೇ ಇಯತ್ತೆಯಿಂದಲೇ ಕಾಯ್ದಿರಿಸಿದ್ದೆ. ಆದರೆ ಆರಿಸುವವಳು ಆಯಿ, ಮತ್ತು ಆಯಿಗೆ ಇನ್ನೊಬ್ಬ ಮೊಮ್ಮಗಳಿದ್ದಳು.

ಅವಳು ಕಿತ್ತೂರಿನಲ್ಲಿರುವ ನನ್ನ ಸೋದರಮಾವನ ಮಗಳು. ನನಗಿಂತ ಹನ್ನೊಂದು ದಿನ ದೊಡ್ಡವಳು, ಆ ಹನ್ನೊಂದು ದಿನಗಳಲ್ಲಿ ಜಗತ್ತನ್ನೆಲ್ಲ ಕಲಿತು ಮುಗಿಸಿದವಳಂತೆ ಮಾತಾಡುತ್ತಾಳೆ. ಮದುವೆಗೆ ಎಂಟು ದಿನ ಮೊದಲು ನಾನು ಅವ್ವನ ಜೊತೆ ಸವದತ್ತಿಗೆ ಹೋಗಿ, ಹೆರಳನ್ನು ಮುಂದಕ್ಕೆ ಹಾಕಿಕೊಂಡು, ಎಲ್ಲರೂ ನೋಡಲಿ ಎಂದು ಪಡಸಾಲೆಯ ನಡುವೆ ನಿಂತೆ. ಯಾರೂ ನೋಡಲಿಲ್ಲ. ಎಲ್ಲರೂ ಅವಳ ಸುತ್ತ ನಿಂತಿದ್ದರು.

ಅವಳು ಕೂದಲು ಕತ್ತರಿಸಿಕೊಂಡು ಬಂದಿದ್ದಳು. ದವಡೆಯವರೆಗೆ ಮಾತ್ರ. ತಲೆ ತಿರುಗಿಸಿದರೆ ಕೂದಲೂ ತಿರುಗುತ್ತಿತ್ತು, ನಿಂತರೆ ತಾನೂ ನಿಲ್ಲುತ್ತಿತ್ತು, ಒಂದೆಳೆಯೂ ಆಚೀಚೆ ಇಲ್ಲ. ಮಾತಿನ ನಡುವೆ ಒಂದು ಬೆರಳಿನಿಂದ ಅದನ್ನು ಕಿವಿಯ ಹಿಂದೆ ಸರಿಸುತ್ತಿದ್ದಳು. ಅದು ಮತ್ತೆ ಮುಂದೆ ಬರುತ್ತಿತ್ತು, ಮತ್ತೆ ಸರಿಸುತ್ತಿದ್ದಳು. ಒಂದು ತಾಸಿನಲ್ಲಿ ನಲವತ್ತು ಸಲ. ನಾನು ಎಣಿಸಿದೆ, ಮಾಡಲು ಬೇರೆ ಕೆಲಸವಿರಲಿಲ್ಲ.

“ಎಷ್ಟ ಚಂದ ಕಾಣಾಕತ್ತಿ ನನ್ನವ್ವ, ಪ್ಯಾಟಿ ಹುಡುಗಿ ಆದಿ ನೋಡ” ಎಂದಳು ಆಯಿ. ಇದೇ ಆಯಿ ಹೆಣ್ಣುಮಕ್ಕಳು ಕೂದಲಿಗೆ ಕತ್ತರಿ ತಾಗಿಸಿದರೆ ಮನೆಯ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎನ್ನುತ್ತಿದ್ದವಳು. ಲಕ್ಷ್ಮಿ ಅಂದು ಹೋಗಿರಬೇಕು, ಆದರೆ ತಡೆಯಲು ಯಾರೂ ಏಳಲಿಲ್ಲ.

ಆಮೇಲೆ ಆಯಿ ನನ್ನ ಕಡೆ ನೋಡಿದಳು. “ನೀ ಯಾವಾಗ ಬಂದ್ಯವ್ವ?”

ನನ್ನ ಹೊಟ್ಟೆಯಲ್ಲಿ ಎದ್ದ ಕಿಚ್ಚಿನಲ್ಲಿ ಮದುವೆಯ ಅಡುಗೆಯನ್ನೇ ಬೇಯಿಸಬಹುದಿತ್ತು.

ಮುಂದಿನ ಎರಡು ದಿನ ನಾನು ಅವಳ ಕೂದಲನ್ನು ಓದಿದೆ. ಪರೀಕ್ಷೆಗೂ ಅಷ್ಟು ಓದಿದವಳಲ್ಲ. ಕಿಟಕಿಯಲ್ಲಿ ಅವಳ ಸಾಮಾನು ಸಾಲಾಗಿ ಇರುತ್ತಿತ್ತು: ಅಗಲ ಹಲ್ಲಿನ ಬಾಚಣಿಕೆ, ದುಂಡನೆಯ ಬ್ರಶ್, ಬೆರಳುದ್ದದ ಸೀರಮ್ ಬಾಟಲಿ, ಒಂದು ಡ್ರೈಯರ್. ನಾನು ನನ್ನ ಕೂದಲಿಗೆ ವಾರಕ್ಕೆ ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಕುಡಿಸುತ್ತಿದ್ದೆ, ಅವಳಿಗೆ ಎರಡೇ ಹನಿ ಸೀರಮ್ ಸಾಕು. ಅಂಗೈಯಲ್ಲಿ ತಿಕ್ಕಿ ತುದಿಗಷ್ಟೇ ಸವರುತ್ತಿದ್ದಳು. ಒದ್ದೆ ಕೂದಲನ್ನು ಟವೆಲಿನಿಂದ ತಿಕ್ಕದೆ ಹಿಂಡಿ ಹಿಂಡಿ ಒರೆಸುತ್ತಿದ್ದಳು. ದಿಂಬಿಗೆ ಹತ್ತಿಯ ಕವರ್ ಹಾಕಿದರೆ ಕೂದಲು ಮುರಿಯುತ್ತದಂತೆ, ಅದಕ್ಕೆ ಆಯಿಯ ಹಳೆಯ ರೇಷ್ಮೆ ಸೀರೆಯ ತುಂಡು ಸುತ್ತಿಕೊಂಡು ಮಲಗುತ್ತಿದ್ದಳು. ಸ್ನಾನದಿಂದ ಹಿಡಿದು ಕಿವಿಯ ಹಿಂದೆ ಸರಿಸುವ ತನಕ ಒಟ್ಟು ಇಪ್ಪತ್ತು ನಿಮಿಷ. ಉಳಿದ ಹೊತ್ತೆಲ್ಲ ಅವಳು ಆಯಿಯ ಪಕ್ಕ ಕುಳಿತು ಹೂ ಕಟ್ಟುತ್ತಿದ್ದಳು. ನಾನು ಆಗ ಕೂದಲು ಒಣಗಿಸುತ್ತಿದ್ದೆ.

ಅಂದರೆ ನನ್ನ ಕಳಸವನ್ನು ಕಸಿಯುತ್ತಿದ್ದದ್ದು ನನ್ನದೇ ಹೆರಳು. ನನಗೆ ಹೀಗೆಯೇ ಕಂಡಿತು.

ಮೂರನೆಯ ದಿನ ಮೌಶಿ ಫೇಶಿಯಲ್‌ಗೆ ಪಾರ್ಲರಿಗೆ ಹೊರಟಳು, ನಾನೂ ಹಿಂದೆ ಹೋದೆ. ಮೌಶಿಯ ಮುಖದ ಮೇಲೆ ಲೇಪ ಮೆತ್ತಿ, ಕಣ್ಣ ಮೇಲೆ ಸೌತೆಕಾಯಿ ಇಟ್ಟು, ತುಟಿ ಅಲ್ಲಾಡಿಸಬೇಡಿ ಎಂದು ಹೇಳಿದ ಮೇಲೆ ನಾನು ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದೆ: “ಮೌಶಿ, ನಾನೂ ಸ್ವಲ್ಪ ಕೂದಲ ಕಟ್ ಮಾಡಿಸ್ಲ್ಯಾ?”

“ಹ್ಞೂಂಹ್ಞೂಂಹ್ಞೂಂ!” ಎಂದಳು ಮೌಶಿ. ಮೂರು ಸಲ ಹೂಂ ಅಂದಳು ಎಂದು ನಾನು ಲೆಕ್ಕ ಹಿಡಿದೆ.

ಪಾರ್ಲರಿನಾಕೆ ನನ್ನ ಹೆರಳು ಹಿಡಿದು ಹಿಡಿದು ನೋಡಿದಳು. ಗೋಡೆಯ ಮೇಲಿನ ಚಿತ್ರ ತೋರಿಸಿದಳು, ಯಾವ ಮುಖಕ್ಕೆ ಯಾವ ಕಟ್ ಎಂದು. “ನಿನ್ನ ಮಾರಿ ದುಂಡಗೈತಿ. ಭುಜದ ತನಕ ಬಿಡೂಣು. ಭಾಳ ಗಿಡ್ಡ ಮಾಡಿದ್ರ ಗಲ್ಲ ಉಬ್ಬಿದಂಗ ಕಾಣ್ತಾವು.”

“ನಮ್ಮ ಮಾವನ ಮಗಳದ್ದು ಇಲ್ಲೀತನಕ ಐತ್ರಿ.” ನಾನು ದವಡೆ ಮುಟ್ಟಿ ತೋರಿಸಿದೆ. “ಅಕಿಗಿಂತ ಎರಡು ಬೆರಳ ಗಿಡ್ಡ ಮಾಡ್ರಿ.”

“ತಂಗಿ, ಕಟ್ ಅನ್ನೂದು ತನ್ನ ಮಾರಿ ನೋಡಿ ಆರಿಸ್ಬೇಕು, ಮಂದಿ ಮಾರಿ ನೋಡಿ ಅಲ್ಲ.”

“ಎರಡು ಬೆರಳ್ರಿ” ಎಂದೆ.

ಅವಳು ಹೆರಳಿನ ಎರಡೂ ತುದಿಗೆ ರಬ್ಬರ್ ಹಾಕಿದಳು. ಕತ್ತರಿ ಒಂದೇ ಸಲಕ್ಕೆ ಹೋಗಲಿಲ್ಲ, ಹಗ್ಗ ಕೊಯ್ದಂತೆ ಕೊಯ್ಯಬೇಕಾಯಿತು. ಮೂರು ಕತ್ತರಿ ಮೊಂಡಾದವು ಎಂದು ನಾನು ಎಲ್ಲ ಕಡೆ ಹೇಳುತ್ತೇನೆ, ನಿಮಗೆ ಬೇಕಾದರೆ ಒಂದೇ ಎಂದಿಟ್ಟುಕೊಳ್ಳಿ. ಆಮೇಲೆ ಏನಾಯಿತೆಂದರೆ, ಒದ್ದೆಯಿದ್ದಾಗ ಎರಡು ಬೆರಳು ಗಿಡ್ಡ ಇದ್ದ ಕೂದಲು ಒಣಗಿದ ಮೇಲೆ ನಾಲ್ಕು ಬೆರಳು ಗಿಡ್ಡವಾಯಿತು. ಎಡಕ್ಕೆ ಸರಿ ಮಾಡಲು ಬಲಕ್ಕೆ ಕತ್ತರಿಸಿದಳು, ಬಲಕ್ಕೆ ಸರಿ ಮಾಡಲು ಎಡಕ್ಕೆ. ಕಿವಿಯ ಹಿಂದೆ ಸರಿಸಲು ಏನೂ ಉಳಿಯದಿದ್ದಾಗ ನಿಲ್ಲಿಸಿದಳು. ನಿಲ್ಲಿಸಿ, ನನ್ನ ನೆತ್ತಿ ನೋಡಿ, ಕತ್ತರಿ ಕೆಳಗಿಟ್ಟಳು.

“ಅಯ್ಯ! ನಿನಗ ಜೋಡ ಸುಳಿ ಐತಲ್ಲ!”

ಹದಿನಾರು ವರ್ಷ ಆ ಹೆರಳಿನ ಭಾರವೇ ಎರಡು ಸುಳಿಗಳನ್ನು ಒತ್ತಿ ಹಿಡಿದಿತ್ತು. ಈಗ ಭಾರ ಇಳಿದ ಕೂಡಲೇ ನೆತ್ತಿಯ ಕೂದಲು ಎದ್ದು ನಿಂತಿತು. ಬಾಚಿದರೆ ಮಲಗುತ್ತದೆ, ಬಾಚಣಿಕೆ ತೆಗೆದರೆ ಏಳುತ್ತದೆ. ಕೋಳಿಹುಂಜಕ್ಕೂ ಅಷ್ಟು ನೆಟ್ಟಗಿನ ಜುಟ್ಟು ಇರುವುದಿಲ್ಲ. ಮೌಶಿ ಸೌತೆಕಾಯಿ ತೆಗೆದು ನೋಡಿ, ಲೇಪ ಬಿರಿಯುವಂತೆ ಕಿರುಚಿದಳು. ಆಗ ನನಗೆ ಆ ಮೂರು ಹ್ಞೂಂ ಏನೆಂದು ಅರ್ಥವಾಯಿತು.

ಆದರೆ ಮೌಶಿ ಜಾಣೆ. ಕಿರುಚಿ ಮುಗಿದ ಮೇಲೆ ಕತ್ತರಿಸಿದ ಹೆರಳನ್ನು ಎತ್ತಿಕೊಂಡು ತನ್ನ ಬೆನ್ನಿಗೆ ಹಿಡಿದು ಕನ್ನಡಿ ನೋಡಿದಳು. ಅವಳ ಕೂದಲು ತೆಳುವು. “ಚೌರಿ ಕೊಳ್ಳೂದ ಉಳೀತ ನೋಡ” ಎಂದು ಚೀಲಕ್ಕೆ ಹಾಕಿಕೊಂಡಳು. ಹೀಗೆ ನನಗಿಂತ ಮೊದಲು ನನ್ನ ಹೆರಳಿಗೆ ಮದುವೆಯ ವೇದಿಕೆಯಲ್ಲಿ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಆ ಚೀಲವನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ತನ್ನ ಕೂದಲಿನ ಮೇಲೆಯೇ ಹೊಟ್ಟೆಕಿಚ್ಚು ಪಟ್ಟವಳು ಈ ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬಳೇ.

ಮನೆಯಲ್ಲಿ ಅವ್ವ ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಕಂಬದ ಬುಡದಲ್ಲಿ ಕುಳಿತಳು. ಅವಳಿಂದ ಬಂದದ್ದು ಒಂದೇ ಮಾತು: “ನಿಮ್ಮಪ್ಪ ಬರ್ಲಿ ತಡಿ.” ಅಪ್ಪ ರಾಮದುರ್ಗಕ್ಕೆ ಯಾರದೋ ಎತ್ತು ನೋಡಲು ಹೋಗಿದ್ದ, ಅರಿಷಿಣದ ದಿನ ಬರುವವನಿದ್ದ. ಇನ್ನೂ ನಾಲ್ಕು ದಿನ.

ಆಯಿ ಬೈಯಲಿಲ್ಲ. ನನ್ನ ತಲೆಯ ಮೇಲೆ ಕೈಯಾಡಿಸಿದಳು. ಬೆರಳು ನೆತ್ತಿಗೆ ಬಂದು ನಿಂತಿತು. “ಜೋಡ ಸುಳಿ ಇದ್ದಾಕಿಗೆ ಎರಡ ಲಗ್ನ ಅಂತಾರ. ಇಂಥಾಕಿನ್ನ ಮದುಮಗಳ ಬಾಜೂಕ ಹ್ಯಾಂಗ ನಿಂದರಸೂದು?”

ಪಕ್ಕದಲ್ಲಿದ್ದ ಮಾವನ ಮಗಳು ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ನಿಧಾನವಾಗಿ. ಆ ಬೆರಳು ನೋಡಿದ ಕೂಡಲೇ ನನ್ನ ಬಾಯಿ ತಾನಾಗಿಯೇ ತೆರೆಯಿತು.

“ಆಯಿ, ಅಪ್ಪ ಹೇಳ್ಯಾನ, ನೆತ್ತಿ ಮ್ಯಾಲ ಜೋಡ ಸುಳಿ ಇದ್ರ ಭಾಳ ಛಲೋ ಅಂತ. ಅಂಥಾದ್ದು ನಿಂತ ಮನ್ಯಾಗ ಕಾಳಿಗೆ ಕಡಿಮಿ ಆಗಂಗಿಲ್ಲಂತ.”

“ಖರೇನ?” ಆಯಿಯ ಮುಖ ಅರಳಿತು. “ಅಳಿಯಾರ ಅಂದ್ರ?”

“ಏ, ಅದು ಎತ್ತಿಗೆ ಅಂದದ್ದೋ ನಿನಗ ಅಂದದ್ದೋ?” ಎಂದು ಮಾವನ ಮಗಳು ಕೇಳಿದಳು.

“ಸುಳಿ ಅಂದ್ರ ಸುಳಿ. ನಿನಗೇನ ತಿಳೀತೈತಿ, ಕಿತ್ತೂರಾಗ ಎತ್ತ ನೋಡಿಯೇನ?”

ಕಿತ್ತೂರಿನಲ್ಲಿ ಎತ್ತುಗಳು ಧಾರಾಳವಾಗಿವೆ. ಆದರೆ ಆಯಿ ಆಗಲೇ ನಿರ್ಧಾರ ಮಾಡಿಬಿಟ್ಟಿದ್ದಳು. ಕಳಸ ನನಗೆ. ಮಾವನ ಮಗಳ ಕೈ ಕಿವಿಯ ಹತ್ತಿರವೇ ನಿಂತುಬಿಟ್ಟಿತು. ಆ ಮುಖವನ್ನು ಚೌಕಟ್ಟು ಹಾಕಿಸಿ ನಮ್ಮ ಪಡಸಾಲೆಯಲ್ಲಿ ತೂಗುಹಾಕಬೇಕಿತ್ತು.

ಉಳಿದದ್ದು ಜುಟ್ಟು. ನೀರು ಹಚ್ಚಿದೆ, ಎದ್ದಿತು. ಎಣ್ಣೆ ಹಚ್ಚಿದೆ, ಮಿಂಚುತ್ತ ಎದ್ದಿತು. ಅರಿಷಿಣದ ದಿನ ಮುಂಜಾನೆ ನಾಚಿಕೆ ಬಿಟ್ಟು ಮಾವನ ಮಗಳನ್ನೇ ಕೇಳಿದೆ. ಅವಳು ಒಮ್ಮೆ ಆಕಾಶ ನೋಡಿ, “ಅಗಸಿ ಕುದಿಸಿ ಸೋಸಿದ್ರ ಲೋಳಿ ಬರ್ತೈತಿ. ಅದನ್ನ ಹಚ್ಚಿ ಒಣಗಿಸಬೇಕು, ಕೂದಲ ಅಲುಗಾಡಂಗಿಲ್ಲ” ಎಂದಳು. ಖರೇ ಹೇಳಿದ್ದಳು, ಪಾಪ. ತಪ್ಪು ಡಬ್ಬಿ ತೆಗೆದವಳು ನಾನು. ಆಯಿಯ ಅಡುಗೆಮನೆಯಲ್ಲಿ ಅಗಸಿಯ ಡಬ್ಬಿ ಎರಡು: ಒಂದು ಬರೀ ಅಗಸಿ, ಇನ್ನೊಂದು ಮದುವೆಯ ಊಟಕ್ಕೆ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಲು ಹುರಿದು, ಉಪ್ಪು, ಕೆಂಪು ಖಾರ, ಬೆಳ್ಳುಳ್ಳಿ ಬೆರೆಸಿಟ್ಟ ಅಗಸಿ. ಗಡಿಬಿಡಿಯಲ್ಲಿ ನಾನು ಎರಡನೆಯದನ್ನು ಕುದಿಸಿದೆ. ಲೋಳೆಯೇನೋ ಬಂತು, ಬಣ್ಣ ಸ್ವಲ್ಪ ಕೆಂಪಗಿತ್ತು. ಇದು ಕೂದಲಿಗೆ ಹೊಳಪು ಕೊಡುವ ಕೆಂಪು ಎಂದುಕೊಂಡು ತಲೆತುಂಬ ಮೆತ್ತಿಕೊಂಡೆ.

ಮೊದಲು ನೆತ್ತಿ ಉರಿಯಿತು. ಆಮೇಲೆ ಕಣ್ಣು. ಆದರೆ ಜುಟ್ಟು ಮಲಗಿತ್ತು! ಸಿಮೆಂಟು ಹಾಕಿದಂತೆ. ಒಂದು ತಾಸಿನಲ್ಲಿ ಅರಿಷಿಣ ಶುರು, ತೊಳೆದರೆ ಮತ್ತೆ ಏಳುತ್ತದೆ. ತೊಳೆಯಲಿಲ್ಲ. ಮೌಶಿಯ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದು, ಮೂಗಿನವರೆಗೆ ಎಳೆದುಕೊಂಡೆ. ಆಯಿ ನನ್ನ ಕೈಗೆ ಕಳಸ ಕೊಟ್ಟು ಮೌಶಿಯ ಪಕ್ಕ ನಿಲ್ಲಿಸಿ, ಹೇಗೆ ಹಿಡಿಯಬೇಕೆಂದು ತೋರಿಸಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು.

“ನೋಡ್ರಿ, ಮೌಶಿ ಬಿಟ್ಟ ಹೋಗ್ತಾಳಂತ ಕೂಸು ಎಷ್ಟ ಅಳಾಕತ್ತೈತಿ” ಎಂದಳು ಆಯಿ ನೆರೆಯವರಿಗೆ. ನೆರೆಯವರೂ ಮೂಗೊರೆಸಿಕೊಂಡರು. ಮೌಶಿ ಮಾತ್ರ ಮೂಗು ಅರಳಿಸಿ, “ಯಾರರ ರೊಟ್ಟಿ ಹಿಂಡಿ ತಿನ್ನಾಕತ್ತೀರೇನ?” ಎಂದು ಸುತ್ತ ನೋಡಿದಳು. ಹೂವಿನ ತಟ್ಟೆ ಹಿಡಿದು ಹಿಂದೆ ನಿಂತಿದ್ದ ಮಾವನ ಮಗಳು ನನ್ನತ್ತ ಎರಡು ಹೆಜ್ಜೆ ಸರಿದು ಆಳವಾಗಿ ಉಸಿರೆಳೆದುಕೊಂಡಳು.

ವಾಸನೆ ಹಿಡಿದರೇನು, ಕಳಸ ನನ್ನ ಕೈಯಲ್ಲಿತ್ತು. ಫೋಟೊದವನು ಕ್ಯಾಮೆರಾ ಎತ್ತಿದ. ಬಾಗಿಲಲ್ಲಿ ಅಪ್ಪ ನಿಂತಿದ್ದ.

“ಬರ್ರಿ ಅಳಿಯಾರ, ಈಗ ಬಂದ್ರೇನ?” ಆಯಿ ಹಿಗ್ಗಿಹೋದಳು. ನೀರು ಕೊಡುವುದಕ್ಕಿಂತ ಮೊದಲೇ ಕೇಳಿಬಿಟ್ಟಳು. “ನೆತ್ತಿ ಮ್ಯಾಲ ಜೋಡ ಸುಳಿ ಇದ್ರ ಮನಿಗಿ ಭಾಳ ಛಲೋ ಅಂತಲ್ರಿ?”

ಅಪ್ಪ ಚಪ್ಪಲಿ ಬಿಡುತ್ತಿದ್ದವನು ಒಂದು ಕಾಲಿನ ಮೇಲೆ ಹಾಗೇ ನಿಂತ. “ಯಾರ ಹೇಳಿದರ್ರಿ ಅತ್ತಿಯಾರ ಇದನ್ನ? ನಿಮಗ್ಯಾರೋ ಮಾರಾಕ ನೋಡಾಕತ್ತಾರ. ಬ್ಯಾಡ್ರಿ. ಅಂಥಾದ್ದು ಮಂದ್ಯಾಗ ನಿಲ್ಲಂಗಿಲ್ಲ, ಕೊಂಬಿಲೆ ಹಾಯತೈತಿ. ಬಾಜೂಕ ಯಾವುದನ್ನೂ ಬಾಳಗೊಡಂಗಿಲ್ಲ. ಮದುವಿ ಮನಿ ಮುಂದಂತೂ ಕಟ್ಟಲೇಬ್ಯಾಡ್ರಿ.”

ಅಪ್ಪ ಇನ್ನೊಂದು ಚಪ್ಪಲಿಯನ್ನೂ ಬಿಟ್ಟು, ತೋಳು ಮಡಚುತ್ತ ಒಳಗೆ ಬಂದ.

“ಎಲ್ಲೈತ್ರಿ ಅದು? ತೋರಸ್ರಿ, ನೋಡೇ ಬಿಡೂಣು.”

“ಇಲ್ಲೇ ಐತ್ರಿ, ಮಾವ” ಎಂದಳು ನನ್ನ ಸೋದರಮಾವನ ಮಗಳು. ಹೂವಿನ ತಟ್ಟೆ ಕೆಳಗಿಟ್ಟು, ಒಂದು ಕೈಯಿಂದ ತನ್ನ ಕೂದಲನ್ನು ಕಿವಿಯ ಹಿಂದೆ ಸರಿಸಿ, ಇನ್ನೊಂದು ಕೈಯಿಂದ ನನ್ನ ಸೆರಗನ್ನು ಎಳೆದಳು.

ಅಪ್ಪ ನನ್ನ ಹಣೆಯ ಮೇಲೆ ಕೈಯಿಟ್ಟು ತಲೆಯನ್ನು ಬೆಳಕಿಗೆ ತಿರುಗಿಸಿದ. ಹೆಬ್ಬೆರಳು ನೆತ್ತಿಯ ಮೇಲೆ ಒಂದು ಸುಳಿಗೆ, ಆಮೇಲೆ ಇನ್ನೊಂದಕ್ಕೆ ಬಂತು. ಬೆರಳನ್ನು ಮೂಗಿಗೆ ಹಿಡಿದ. ಹಲ್ಲು ನೋಡಲಿಲ್ಲ, ಅದೊಂದೇ ಪುಣ್ಯ. ಆಮೇಲೆ ಅವನ ಕಣ್ಣು ಮೌಶಿಯ ಬೆನ್ನ ಮೇಲೆ ಮೊಣಕಾಲಿನ ತನಕ ಇಳಿದಿದ್ದ ಹೆರಳಿಗೆ ಹೋಯಿತು, ಅದರ ತುದಿಯಿಂದ ಮೇಲೆ ಬಂತು, ಮತ್ತೆ ನನ್ನ ತಲೆಗೆ ಬಂತು. ಅಪ್ಪ ನನ್ನ ಕೈಯಿಂದ ಕಳಸ ತೆಗೆದುಕೊಂಡು ಮಾವನ ಮಗಳ ಕೈಗೆ ಕೊಟ್ಟ.