ಏಪೆಕ್ಸ್‌ಗೆ ಧ್ರುವಪ್ರಭೆ ಬಂದ ರಾತ್ರಿ

ಇದು ನಡೆದ ಸಂಗತಿ. ಅನುಮಾನವಿದ್ದವರು ನಮ್ಮ ಅತ್ತೆಯವರನ್ನು ಕೇಳಬಹುದು. ಅಳಿಯನ ಪರವಾಗಿ ಸುಳ್ಳು ಸಾಕ್ಷಿ ಹೇಳುವಷ್ಟು ಅಕ್ಕರೆ ಆ ತಾಯಿಗೆ ನನ್ನ ಮೇಲಿಲ್ಲ.

ಧ್ರುವಪ್ರಭೆಯನ್ನು, ಉತ್ತರದ ಆಕಾಶದಲ್ಲಿ ಬಣ್ಣದ ಬೆಳಕು ಕುಣಿಯುವುದನ್ನು, ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ನನ್ನ ಬದುಕಿನ ದೊಡ್ಡ ಆಸೆ. ಅದಕ್ಕಾಗಿ ಅಲಾಸ್ಕಾದವರೆಗೂ ಹೋಗಿ, ವಾರವಿಡೀ ಮೋಡಗಳ ದರ್ಶನ ಪಡೆದು, ನೆಗಡಿಯನ್ನು ಪ್ರಸಾದವಾಗಿ ತಂದಿದ್ದೆ. ಜೊತೆಗೆ ಬಂದು ಅದೇ ಪ್ರಸಾದ ಸ್ವೀಕರಿಸಿದವನು ಗೆಳೆಯ ಪ್ರಭಾಕರ. ನಾವಿರುವ ಕೆರೊಲಿನಾದ ಏಪೆಕ್ಸ್ ಊರಿನಲ್ಲಿ ನಮ್ಮ ಹಿತ್ತಲಿನಾಚೆಯ ಮನೆಯವನು.

2011ರ ಅಕ್ಟೋಬರ್. ದೀಪಾವಳಿ ಹತ್ತಿರವಿತ್ತು. ಊಟವಾಗಿತ್ತು. ಧಾರವಾಡದಿಂದ ಬಂದಿದ್ದ ಅತ್ತೆಯವರು ಚಕ್ಕುಲಿ ಒತ್ತುತ್ತಿದ್ದರು; ಮನೆ ತುಂಬ ಕಾದ ಎಣ್ಣೆಯ ವಾಸನೆ. ಆಗ ಹಿತ್ತಲಿನಿಂದ...

"ಮೂರ್ತೀ... ಹೊರಗ್ ಬಾರೋ... ಆಕಾಶ ನೋಡೋ..."

ಪ್ರಭಾಕರನ ದನಿ. ಓಗೊಡಲು ಬಾಯಿ ತೆರೆದೆ. ಅತ್ತೆಯವರ ಕೈ, ಹಿಟ್ಟಿನ ಸಮೇತ, ಅದನ್ನು ಮುಚ್ಚಿತು.

"ಓ ಅನ್ನಬ್ಯಾಡ್ರಿ! ಕತ್ತಲಾದ ಮ್ಯಾಲೆ ಕರದ್ರ ಮೂರನೇ ಸಲ ಕರಿಯೂತನಕಾ ಸುಮ್ನಿರಬೇಕು. ದೆವ್ವ ಎರಡss ಸಲ ಕರೀತದ."

"ಅತ್ತೆ, ಅದು ಪ್ರಭಾಕರ!" ಎಂದೆ, ಬೆರಳ ಸಂದಿಯಿಂದ.

"ಗುರ್ತಿನವರ ದನೀನss ತಗೊಂಡು ಬರ್ತದ, ಅಳಿಯಂದ್ರ."

ಮತ್ತೆ ಕೂಗು... ಈ ಸಲ ಕಿಟಕಿಯ ಗಾಜಿಗೇ ಬಾಯಿಟ್ಟಂತೆ. ಹೆಂಡತಿ ಒಲೆ ಆರಿಸಿದಳು. ನಾವು ಮೂವರೂ ಮೂರನೆಯ ಕೂಗಿಗೆ ಕಾದೆವು. ಫ್ರಿಜ್ಜಿನ ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ...

ಕೊನೆಗೆ ಅತ್ತೆಯವರ ಹಸ್ತದಿಂದ ಬಿಡುಗಡೆ ಪಡೆದು ಬಾಗಿಲು ತೆರೆದೆ. ಹಿತ್ತಲು ಖಾಲಿ. ಮೇಲೆ ಮಾಮೂಲಿ ಕಪ್ಪು ಆಕಾಶ. ಮನೆಮುಂದಿನ ರಸ್ತೆಗೆ ಓಡಿದರೆ ಅಕ್ಕಪಕ್ಕದವರೆಲ್ಲ ಉತ್ತರಕ್ಕೆ ಮುಖಮಾಡಿ ನಿಂತಿದ್ದಾರೆ.

"ಅಯ್ಯೋ ಅಂಕಲ್, ಜಸ್ಟ್ ಮಿಸ್ ಮಾಡಿದ್ರಿ! ನಾರ್ದರ್ನ್ ಲೈಟ್ಸ್! ಆಕಾಶ ಫುಲ್ ರೆಡ್!" ಎಂದಳು ಎದುರು ಮನೆಯ ಕನ್ನಡದ ಹುಡುಗಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಅಲಾಸ್ಕಾದಲ್ಲಿ ಸಿಗದದ್ದು ಕೆರೊಲಿನಾದ ನಮ್ಮ ಸೂರಿನ ಮೇಲೆಯೇ ಬಂದು ಹೋಗಿತ್ತು. ನಾನು ಬಾಯಿಗೆ ಹಿಟ್ಟು ಮೆತ್ತಿಕೊಂಡು ಒಳಗಿದ್ದೆ.

ಪ್ರಭಾಕರ ಬಂದದ್ದು ಎಲ್ಲ ಮುಗಿದು ಎಷ್ಟೋ ಹೊತ್ತಾದ ಮೇಲೆ. ಆರು ಗಂಟೆ ದಾರಿಯ ಜಾನ್ಸ್ ಕ್ರೀಕ್‌ನ ತಂಗಿಯ ಮನೆಯಿಂದ, ಆಗಷ್ಟೇ, ಕಾರಿನಲ್ಲಿ.

"ಹೈವೇಲಿ ನೋಡ್ದೆ ಕಣೋ! ಫೋನ್ ಡೆಡ್. ಮನಸ್ಸು ತಡೀಲಿಲ್ಲ. ಕಾರ್ ಸೈಡಿಗೆ ಹಾಕಿ, ಹೊರಗ್ ಬಾರೋ ಮೂರ್ತಿ, ಆಕಾಶ ನೋಡೋ ಅಂತ ಒಬ್ಬನೇ ಕೂಗ್ದೆ, ಹುಚ್ಚನ ಥರ."

ನಾನು ಅವನ ತೋಳು ಹಿಡಿದು ಕೇಳಿದೆ.

"ಎಷ್ಟು ಸಲ?"

"ಎರಡು."

"ಮೂರನೇ ಸಲ ಕೂಗೋಕೆ ಏನಾಗಿತ್ತೋ ನಿಂಗೆ ರೋಗ!"

ಅವನು ಕಾರಿನ ಕಡೆ ತಿರುಗಲಿಲ್ಲ. ಮೆಲ್ಲಗೆ ಹೇಳಿದ, "ಯಾಕೆ ಕೂಗ್ಲಿ? ಎರಡನೇ ಸಲಕ್ಕೇ ಹಿಂದಿನ ಸೀಟಿಂದ 'ಓ' ಅಂತು... ನಿನ್ನ ದನೀಲಿ."

ಆ ಕಾರನ್ನು ಅವನು ಮಾರಿ ವರ್ಷಗಳಾದವು. ಹೆದರಿಕೆ ಹೋಗಿದೆ ಎಂದು ಹೇಳಲಾರೆ. ಆದರೆ ಹೆದರಿಕೆಗಿಂತ ಹೊಟ್ಟೆಯುರಿಯೇ ಹೆಚ್ಚು... ಯಾವುದೋ ಏನೋ, ನನ್ನ ದನಿ ಎತ್ತಿಕೊಂಡು ಹೋಗಿ, ನನ್ನ ಆಕಾಶವನ್ನು ನನ್ನ ಬದಲು ನೋಡಿಬಿಟ್ಟಿತು.