ಹಳೆಯ ಪೊಟ್ಟಣ ತೆಗೆದ ದೊಡ್ಡಮ್ಮನವರು

ನಗರ ಸಾರಿಗೆಯ ಚರಿತ್ರೆ ಬರೆಯುವವರು ಬಸ್ಸುಗಳ ಬಣ್ಣವನ್ನು ಬರೆಯುತ್ತಾರೆ, ಹಾದಿಗಳ ಉದ್ದವನ್ನು ಬರೆಯುತ್ತಾರೆ, ಹೊಸ ನಿಲ್ದಾಣದ ಉದ್ಘಾಟನೆಗೆ ಕತ್ತರಿ ಹಿಡಿದವರ ಹೆಸರನ್ನಂತೂ ದಪ್ಪಕ್ಷರದಲ್ಲೇ ಬರೆಯುತ್ತಾರೆ. ನಾಳೆ ಯಾವ ಚಾಲಕ ಯಾವ ಬಸ್ಸು ಹತ್ತಬೇಕು, ಯಾವ ನಿರ್ವಾಹಕಿಗೆ ಯಾವ ಹಾದಿ, ಯಾರಿಗೆ ರಜೆ ಎಂಬುದನ್ನು ಪ್ರತಿಯೊಬ್ಬರ ಫೋನಿಗೂ ಮುಟ್ಟಿಸುವ ಪಾಳಿಪಟ್ಟಿಯ ಸರ್ವರನ್ನು ಇಷ್ಟು ವರ್ಷ ಕಾದವರು ಯಾರು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಕೆರೆದುಕೊಳ್ಳಲಿ. ಪಟ್ಟಿ ತಪ್ಪಿದ ದಿನ ಬಸ್ಸು ಹೊರಡುವುದಿಲ್ಲ. ಹೊರಡದ ಬಸ್ಸಿಗೆ ಯಾವ ಬಣ್ಣ ಬಳಿದರೇನು. ಸರಿಯಾಗಿದ್ದಾಗ ಯಾರ ಕಣ್ಣಿಗೂ ಬೀಳದ, ಕೆಟ್ಟಾಗ ಎಲ್ಲರ ಬಾಯಿಗೂ ಬೀಳುವ ಸರ್ವರ್ ನಿರ್ವಹಣೆ ಎಂಬ ಈ ಕ್ಷೇತ್ರದಲ್ಲಿ ತಮ್ಮ ಇಡೀ ಸೇವಾವಧಿಯನ್ನು ಸವೆಸಿ ನಿವೃತ್ತರಾದವರು, ಅಧಿಕಾರಿಯಿಂದ ಹಿಡಿದು ಟೈರು ಉರುಳಿಸುವವರ ತನಕ ಎಲ್ಲರೂ ಒಂದೇ ಹೆಸರಿನಿಂದ ಕರೆದ ಮಾನ್ಯ ದೊಡ್ಡಮ್ಮನವರು.

ಅವರು ಸೇರಿದ್ದು ಟಿಕೆಟ್ ಯಂತ್ರಗಳ ರಿಪೇರಿ ಮೇಜಿಗೆ. ಯಂತ್ರಗಳು ಹೋಗಿ ಕಂಪ್ಯೂಟರುಗಳು ಬಂದವು, ಹಾಳೆಯ ಮೇಲಿದ್ದ ಪಾಳಿಪಟ್ಟಿ ವೆಬ್ ಅಪ್ಲಿಕೇಶನ್ ಆಯಿತು, ಅದನ್ನು ಹೊತ್ತ ಸರ್ವರ್ ಟೈರು ಉಗ್ರಾಣದ ಮೇಲಿನ ಕೋಣೆಗೆ ಬಂತು, ಅದರ ಹಿಂದೆಯೇ ದೊಡ್ಡಮ್ಮನವರೂ ಮೆಟ್ಟಿಲು ಹತ್ತಿದರು. ಕೆಳಗಿನಿಂದ ಸದಾ ರಬ್ಬರಿನ ವಾಸನೆ. ಮೇಲೆ ತೊಟ್ಟಿಕ್ಕುವ ಎ.ಸಿ., ಅದರಡಿ ಒಂದು ಬಕೆಟ್ಟು. ಕಿಟಕಿ ತೆರೆದರೆ ಡಿಪೋ ಅಂಗಳದಲ್ಲಿ ಹಿಂದಕ್ಕೆ ಬರುವ ಬಸ್ಸುಗಳ ಸೀಟಿ. ಅವರ ಕುರ್ಚಿಯ ಮೆತ್ತೆ, ದರ್ಜಿಯಾದ ಅವರ ಯಜಮಾನರು ಚೂರು ಬಟ್ಟೆಗಳಿಂದ ಹೊಲಿದುಕೊಟ್ಟದ್ದು. ಆ ಕೋಣೆಯಲ್ಲಿ ಅವರು ಕೂತದ್ದಕ್ಕಿಂತ ಓಡಾಡಿದ್ದೇ ಹೆಚ್ಚು. ಸರ್ವರ್ ಕೆಟ್ಟ ದಿನ ಗಟ್ಟಿಯಾಗಿ ಕೂರುತ್ತಿದ್ದರು. ಎಲ್ಲ ನೆಟ್ಟಗಿರುವ ದಿನ ಕಿಟಕಿಗೂ ಬಾಗಿಲಿಗೂ ನಡೆಯುತ್ತಿದ್ದರು. ನೆಟ್ಟಗಿರುವುದರ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

ಅವರದು ಎರಡು ಕಟ್ಟಳೆ. ಓಡುತ್ತಿರುವ ಸರ್ವರಿಗೆ ಕೈ ಹಚ್ಚುವ ಮುನ್ನ "ಮುಟ್ತಾ ಇದೀನಿ" ಎಂದು ಗಟ್ಟಿಯಾಗಿ ಹೇಳಬೇಕು. ಹೇಳಿದೊಡನೆ ಕೋಣೆಯಲ್ಲಿದ್ದವರೆಲ್ಲ ಕೀಲಿಮಣೆ ಬಿಟ್ಟು ಕೈಯನ್ನು ತೊಡೆಯ ಮೇಲಿಟ್ಟುಕೊಳ್ಳಬೇಕು. ಇದು ಮೊದಲನೆಯದು. ಹಳೆಯದನ್ನು ಎಸೆಯಬಾರದು, ಹೆಸರಿನ ಮುಂದೆ 'ಹಳೆ' ಎಂದು ಸೇರಿಸಿ ಹೊಸದರ ಪಕ್ಕದಲ್ಲೇ ಇಡಬೇಕು. ಇದು ಎರಡನೆಯದು, ಮತ್ತು ಇದಕ್ಕೇ ಹೆಚ್ಚು ಹೆಸರು. ಒಮ್ಮೆ ಹೊರಗಿನ ಕಂಪನಿಯವರು ಬಂದು ದರಪಟ್ಟಿ ಬದಲಿಸುತ್ತೇವೆಂದು ಇಡೀ ಪಟ್ಟಿಯನ್ನೇ ಗುಡಿಸಿ ಹಾಕಿ ಮುಖ ಮುಖ ನೋಡಿಕೊಂಡಾಗ, ದೊಡ್ಡಮ್ಮನವರು 'ಹಳೆ' ಎಂಬ ಎರಡಕ್ಷರ ಅಳಿಸಿ ಎಂದಿನ ದರವನ್ನು ಮತ್ತೆ ಜಾರಿಗೆ ತಂದರು. ಮರುದಿನ ಬಸ್ಸುಗಳಲ್ಲಿ ಟಿಕೆಟು ಹರಿದದ್ದು ಆ ಎರಡಕ್ಷರದ ದಯೆಯಿಂದ.

ಅವರ ಉಪಕಾರಗಳನ್ನು ನೆನೆಯುವುದಾದರೆ ಗೇಟಿನಿಂದ ಶುರು ಮಾಡಬೇಕು. ಫೋನಿನ ಸಣ್ಣ ಅಕ್ಷರ ಕಾಣದ ಹಿರಿಯ ಚಾಲಕರಿಗಾಗಿ ಅವರವರ ಪಾಳಿಯನ್ನು ಹೆಬ್ಬೆರಳಿನ ಗಾತ್ರದ ಅಕ್ಷರದಲ್ಲಿ ಮುದ್ರಿಸಿ ಕಾವಲು ಕೋಣೆಯ ಗಾಜಿಗೆ ಒಳಗಿನಿಂದ ಅಂಟಿಸುತ್ತಿದ್ದರು. ಹಸುಗೂಸಿನ ತಾಯಿಯಾದ ನಿರ್ವಾಹಕಿಯೊಬ್ಬಳಿಗೆ ಊರ ಹೊರಗಿನ ಹಾದಿ ಬಿದ್ದಾಗ ಪಾಳಿ ಗುಮಾಸ್ತರ ಮೇಜಿನ ಮುಂದೆ ಹೋಗಿ ನಿಂತರು.

"ಅದು ನಾನು ಹಾಕಿದ್ದಲ್ಲ ದೊಡ್ಡಮ್ಮ, ಮಷಿನ್ ಹಾಕಿದ್ದು."

"ಮಷಿನ್‌ಗೆ ಹೇಳಿಕೊಟ್ಟಿದ್ದು ಅದರ ಸೋದರಮಾವನಾ? ನಾವೇ ತಾನೆ. ಬದಲಾಯ್ಸಪ್ಪ, ನಾನು ಇಲ್ಲೇ ನಿಂತಿರ್ತೀನಿ."

ನಿಂತೇ ಇದ್ದರು. ಗುಮಾಸ್ತರು ಬದಲಾಯಿಸಿದರು.

ಇಷ್ಟಕ್ಕೇ ಮುಗಿಸಿ, ಕೊನೆಗೆ ಒಂದು ಹಾರೈಕೆ ಹಚ್ಚಿದರೆ ಲೇಖನವೂ ಆಯಿತು, ಸಂಪಾದಕರಿಗೂ ನೆಮ್ಮದಿ. ಆದರೆ ನಿವೃತ್ತಿಯ ವಾರ ನಡೆದದ್ದನ್ನು ಹೂವಿನಡಿ ಮುಚ್ಚಿಟ್ಟು ಅಭಿನಂದಿಸುವುದಾದರೆ ಇಂಥ ಅಭಿನಂದನಾ ಸಂಪುಟಕ್ಕಿಂತ ಡಿಪೋದಲ್ಲಿ ತೂಕಕ್ಕೆ ಮಾರುವ ಹಳೆ ಕಾಗದವೇ ಮೇಲು. ಹೇಳಿಬಿಡುವುದೇ ಸರಿ.

ಸರ್ವರಿನೊಳಗೆ 'ಲೈಬ್ರರಿ' ಎಂದರೆ ಸಿದ್ಧಪಡಿಸಿದ ಕೆಲಸದ ಪೊಟ್ಟಣ. ಶಾಲೆ ಅರ್ಧಕ್ಕೆ ಬಿಟ್ಟವರಿಗೂ ತಿಳಿಯುವಂತೆ ದೊಡ್ಡಮ್ಮನವರು ಅದನ್ನು ಹೀಗೆ ಹೇಳುತ್ತಿದ್ದರು: ಒಂದು ಚೀಲದ ತುಂಬ ಪೊಟ್ಟಣ ಇಟ್ಟಿರುತ್ತೇವೆ, ಸರ್ವರ್ ಏಳುವಾಗ ಚೀಲದೊಳಗಿನದೆಲ್ಲ ನುಂಗಿಕೊಂಡು ಏಳುತ್ತದೆ. ಅವುಗಳಲ್ಲಿ ಒಂದು ದೂರನಿರ್ವಹಣೆಯ ಪೊಟ್ಟಣ. ಅದು ಸರ್ವರಿಗೊಂದು ಪಕ್ಕದ ಬಾಗಿಲು ತೆರೆಯುತ್ತದೆ. ಆ ಬಾಗಿಲಿನಿಂದ ಬೇರೆಡೆ ಕೂತೇ ಸರ್ವರಿನ ನಾಡಿ ಹಿಡಿಯಬಹುದು, ಏಳೆನ್ನಬಹುದು, ಮಲಗೆನ್ನಬಹುದು. ನಮ್ಮಲ್ಲಿದ್ದ ಹಳೆಯ ಪೊಟ್ಟಣದ ಬಾಗಿಲಿಗೆ ಚಿಲಕವೇ ಇರಲಿಲ್ಲ. ವಿಳಾಸ ಗೊತ್ತಿದ್ದ ಯಾರೇ ಆಗಲಿ ಒಳಗೆ ಬಂದು ಇಡೀ ನಗರದ ಪಾಳಿಪಟ್ಟಿಯನ್ನು ಮಲಗಿಸಬಹುದಿತ್ತು. ಹೊಸ ಆವೃತ್ತಿಯ ಪೊಟ್ಟಣ ಗುಪ್ತಪದ ಕೇಳುತ್ತದೆ. ಬದಲಿಸೋಣ ಎಂದು ದೊಡ್ಡಮ್ಮನವರು ಹೇಳುತ್ತ ಬಂದರು. ಓಡುತ್ತಿರುವುದನ್ನು ಯಾಕೆ ಕೆಣಕಬೇಕು ಎಂದು ಡಿಪೋದ ಸಾಹೇಬರು ತಳ್ಳುತ್ತ ಬಂದರು. ಹೊರಗಿನ ತಪಾಸಣೆಯವರು ಬರುತ್ತಾರೆಂಬ ಸುದ್ದಿ ಬಂದ ಮೇಲೆ, ಅದೇ ಸಾಹೇಬರು, "ಇನ್ನೂ ಮಾಡಿಲ್ವಾ?" ಎಂದರು. ಇಂಥವರಿಗೆ ಏನು ಹೇಳುವುದು.

ಮಧ್ಯಾಹ್ನ ಪಾಳಿ ಬದಲಾಗಿ ಬಸ್ಸುಗಳೆಲ್ಲ ರಸ್ತೆಯಲ್ಲಿದ್ದ ಹೊತ್ತು ನೋಡಿ ಕೆಲಸ ಹಿಡಿದರು. ಕೀಲಿಮಣೆಯ ಮುಂದೆ ಕೂತವಳು ಗುತ್ತಿಗೆಯ ಮೇಲಿದ್ದ ಸಹಾಯಕಿ. ನಿಂತೇ ಊಟ ಮಾಡುವ, ಒಂದು ಮಾತು ಮುಗಿಯುವ ಮೊದಲು ಮುಂದಿನದನ್ನು ಶುರು ಮಾಡುವ ಅವಳಿಗೆ ದೊಡ್ಡಮ್ಮನವರೇ ಇಟ್ಟ ಹೆಸರು ಗಡಿಬಿಡಿ. ಅವಳು "ಮುಟ್ತಾ ಇದೀನಿ" ಎಂದಳು. ಎಲ್ಲರ ಕೈ ತೊಡೆಗೆ ಬಂತು. ಹೊಸ ಪೊಟ್ಟಣ ಚೀಲದೊಳಗೆ ಇಳಿಯಿತು.

"ದೊಡ್ಡಮ್ಮ, ಹಳೇದನ್ನ ಬೇರೆ ಕಡೆ ಇಡ್ಲಾ?"

"ಬೇಡ ಕಣೆ. 'ಹಳೆ' ಅಂತ ಹಾಕಿ ಪಕ್ಕದಲ್ಲೇ ಇಡು. ಕೈ ಕೊಟ್ರೆ ಹುಡುಕ್ತಾ ಕೂರೋಕಾಗಲ್ಲ."

ಇಟ್ಟಳು. ಸರ್ವರ್ ಎದ್ದಿತು, ಪಾಳಿಪಟ್ಟಿ ಕಾಣಿಸಿತು. ಪಕ್ಕದ ಬಾಗಿಲಿಗೆ ಗುಪ್ತಪದ ಕೊಟ್ಟು ನೋಡಿದರು, ತೆರೆಯಿತು. ಎಲ್ಲರಿಗೂ ಸಮಾಧಾನ. ದೊಡ್ಡಮ್ಮನವರಿಗೆ ಮಾತ್ರ ಆ ಸಮಾಧಾನ ಮೈಗೆ ಹತ್ತಲಿಲ್ಲ. ಮರುದಿನವಿಡೀ ಕಿಟಕಿಗೂ ಬಾಗಿಲಿಗೂ ನಡೆದರು, ಬರಿದಾಗಿದ್ದ ಬಕೆಟ್ಟನ್ನು ಮತ್ತೊಮ್ಮೆ ಬರಿದು ಮಾಡಿದರು. "ಎಲ್ಲಾ ಸರಿ ಇದೆ ಅಲ್ವೇನೆ?" ಎಂದು ಕೇಳಿದ್ದನ್ನೇ ಕೇಳಿದರು. "ಸರಿ ಇದೆ ದೊಡ್ಡಮ್ಮ. ನೀವು ಹೀಗೆ ನಡೀತಿದ್ರೆ ನೆಲ ಸವೆದು ಟೈರು ಗೋಡೌನ್‌ಗೆ ಬೀಳ್ತೀರಿ" ಎಂದಳು ಗಡಿಬಿಡಿ.

ಸರಿ ಇರಲಿಲ್ಲ. ತಪಾಸಣೆಯವರು ಬಂದು, ಯಾವ ಗುಪ್ತಪದವನ್ನೂ ಕೊಡದೆ, ಸಭೆಯ ಪರದೆಯ ಮೇಲೆ ಎಲ್ಲರ ಕಣ್ಣೆದುರು ಒಳಗೆ ಹೋಗಿ ಹೊರಗೆ ಬಂದರು. ಚಿಲಕವಿಲ್ಲದ ಬಾಗಿಲು ಕೀಲಿಕೈ ತೋರಿಸಿದವರಿಗೂ ತೆರೆಯುತ್ತದೆ, ತೋರಿಸದವರಿಗೂ ತೆರೆಯುತ್ತದೆ. ತೋರಿಸದೆ ತಳ್ಳಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮೇಲೆ ಓಡಿಬಂದು ನೋಡಿದರೆ ಚೀಲದೊಳಗೆ ಎರಡು ಪೊಟ್ಟಣ. ದರಪಟ್ಟಿಯಂಥದನ್ನು ಸರ್ವರ್ ಹೆಸರು ಹಿಡಿದು ಕರೆಯುತ್ತದೆ, ಆದ್ದರಿಂದ 'ಹಳೆ' ಎಂದಿದ್ದರೆ ಮುಟ್ಟುವುದಿಲ್ಲ. ಪೊಟ್ಟಣಗಳ ಚೀಲದಲ್ಲಿ ಅದು ಹೆಸರು ನೋಡುವುದೇ ಇಲ್ಲ, ಇದ್ದದ್ದನ್ನೆಲ್ಲ ನುಂಗುತ್ತದೆ. ಹಳೆಯದನ್ನು ಮೊದಲು ನುಂಗಿ, ಹಳೆಯ ಬಾಗಿಲನ್ನೇ ತೆರೆದಿಟ್ಟುಕೊಂಡು ಕೂತಿತ್ತು. ಅಷ್ಟು ವರ್ಷ ಕಾಪಾಡಿದ ಕಟ್ಟಳೆಯೇ ಆ ದಿನ ಕತ್ತು ಹಿಡಿಯಿತು.

ಸಾಹೇಬರು ಸಭೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮಾಡಿದ್ದು ಯಾರು?" ಸರ್ವರಿನ ದಾಖಲೆಯಲ್ಲಿ ಇದ್ದದ್ದು ಗಡಿಬಿಡಿಯ ಹೆಸರು. "ಸರಿ ಬಿಡಿ, ಗುತ್ತಿಗೆಯವಳು. ಮುಗಿಸಿ ಕಳಿಸೋಣ" ಎಂದರು, ಚಪ್ಪಲಿಯ ಧೂಳು ಕೊಡವಿದಷ್ಟು ಹಗುರಾಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಡಿಬಿಡಿ ಬಾಯಿ ತೆರೆದು ಮುಚ್ಚಿದಳು. ಜೀವಮಾನದಲ್ಲಿ ಅವಳು ಅರ್ಧಕ್ಕೆ ನುಂಗಿದ ಮಾತು ಅದೊಂದೇ ಇರಬೇಕು. ಮೇಜಿನ ಸುತ್ತ ಇದ್ದವರೆಲ್ಲ, ಈ ಸಂಪುಟದಲ್ಲಿ ಉದ್ದುದ್ದ ಬರೆದಿರುವವರೂ ಸೇರಿ, ನೀರಿನ ಲೋಟ ನೋಡುತ್ತ ಕೂತರು. ದೊಡ್ಡಮ್ಮನವರೂ ಆ ಹೊತ್ತು ಮಾತಾಡಲಿಲ್ಲ. ಅದನ್ನೂ ಬರೆಯಬೇಕು. ವಾರದ ಕೊನೆಗೆ ಅವರ ಬೀಳ್ಕೊಡುಗೆ. ಕೇಂದ್ರ ಕಚೇರಿಯ ಮುಖ್ಯಸ್ಥರ ಕೈಯಿಂದ ಕೊಡಿಸಲೆಂದು 'ಕಳಂಕರಹಿತ ಸೇವೆ'ಯ ಫಲಕ ಕೆತ್ತಿಸಿ ಆಗಿತ್ತು.

ಮನೆಯಲ್ಲಿ ಅವರು ತಟ್ಟೆಯ ಮುಂದೆ ಕೂತು ಎದ್ದರು. ಹೊಲಿಗೆ ಯಂತ್ರದ ಹಿಂದಿನಿಂದ ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

"ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಸುತ್ತೋದು ನೋಡಿ ನನಗೆ ದಾರ ಪೋಣಿಸೋಕಾಗ್ತಿಲ್ಲ."

ದೊಡ್ಡಮ್ಮನವರು ನಡೆದದ್ದು ಹೇಳಿದರು. ಯಜಮಾನರು ಯಂತ್ರ ನಿಲ್ಲಿಸಿ ಕೇಳಿಸಿಕೊಂಡರು.

"ನೋಡು, ಆ ಹುಡುಗಿಗೆ ವಯಸ್ಸಿದೆ, ಬೇರೆ ಕೆಲಸ ಸಿಗುತ್ತೆ. ನಿಂಗೆ ಬೇರೆ ನಿವೃತ್ತಿ ಸಿಗುತ್ತಾ? ಇನ್ನು ನಾಲ್ಕು ದಿನ ಬಾಯಿಗೆ ಹೊಲಿಗೆ ಹಾಕ್ಕೊಂಡಿರು."

"ಅವಳು ಕೇಳಿದ್ಲು ರೀ. ಬೇರೆ ಕಡೆ ಇಡ್ಲಾ ಅಂತ ಬಾಯಿಬಿಟ್ಟು ಕೇಳಿದ್ಲು. ಬೇಡ ಅಂದಿದ್ದು ನಾನು."

"ಅದು ಯಾರಿಗೆ ಗೊತ್ತು?"

"ಅವಳಿಗೆ ಗೊತ್ತಲ್ಲ."

ಯಜಮಾನರು ಮತ್ತೆ ಯಂತ್ರ ತುಳಿದರಂತೆ. ಅವರು ಒಪ್ಪಿದರು ಎಂದು ಇದರ ಅರ್ಥವಲ್ಲ. ಇವತ್ತಿಗೂ ಒಪ್ಪಿಲ್ಲ.

ಬೆಳಿಗ್ಗೆ ದೊಡ್ಡಮ್ಮನವರು ಮೊದಲು ಮೆಟ್ಟಿಲು ಹತ್ತಿ ಟೈರು ಉಗ್ರಾಣದ ಮೇಲಿನ ಕೋಣೆಗೆ ಬಂದರು. ಪೆಟ್ಟಿಗೆ ಕಟ್ಟಿಕೊಳ್ಳುತ್ತಿದ್ದ ಗಡಿಬಿಡಿಯನ್ನು ಸರಿಸಿ ತಾವೇ ಕೂತರು, "ಮುಟ್ತಾ ಇದೀನಿ" ಎಂದರು, ಹಳೆಯ ಪೊಟ್ಟಣವನ್ನು ತಮ್ಮ ಕೈಯಾರೆ ಅಳಿಸಿದರು. ಪಕ್ಕದಲ್ಲೂ ಇಡಲಿಲ್ಲ, ಬೇರೆ ಕಡೆಯೂ ಇಡಲಿಲ್ಲ. ಆ ಕೋಣೆಯಲ್ಲಿ ಅವರು ಏನನ್ನಾದರೂ ಎಸೆದದ್ದು ಅದೇ ಮೊದಲು. ಸರ್ವರನ್ನು ಮಲಗಿಸಿ ಎಬ್ಬಿಸಿದರು. ಗುಪ್ತಪದವಿಲ್ಲದೆ ಬಾಗಿಲು ತಳ್ಳಿದರು. ಬಾಗಿಲು ಬಿಡಲಿಲ್ಲ. ಮತ್ತೆ ತಳ್ಳಿದರು. ಬಿಡಲಿಲ್ಲ.

"ಪೆಟ್ಟಿಗೆ ಬಿಚ್ಚೇ" ಎಂದು ಅವಳಿಗೆ ಹೇಳಿ ಸಾಹೇಬರ ಕೋಣೆಗೆ ಇಳಿದರು.

"ಕೂತ್ಕೊಳ್ಳಿ ದೊಡ್ಡಮ್ಮ. ಹೋಗೋ ಹೊತ್ತಲ್ಲಿ ಇದನ್ನೆಲ್ಲ ಯಾಕೆ ಮೈಮೇಲೆ ಎಳ್ಕೋತೀರಿ?"

"ಮೈಮೇಲೇ ಇದೆ ಸಾರ್. ಎಳ್ಕೊಳೋದೇನಿಲ್ಲ. ಅವಳು ಕೇಳಿದ್ಲು, ನಾನು ಬೇಡ ಅಂದೆ. ಹಾಗಂತ ಬರ್ಕೊಳ್ಳಿ."

"ಬರ್ಕೊಂಡ್ರೆ ನಿಮಗೆ ಎಚ್ಚರಿಕೆ ಕೊಡ್ಬೇಕಾಗುತ್ತೆ. ಫಲಕ ಸಿಗಲ್ಲ. ಸಮಾರಂಭಾನೂ ಇಲ್ಲ."

"ಎಚ್ಚರಿಕೆ ಕೊಡಿ. ಅವಳ ಗುತ್ತಿಗೆ ಮುಟ್ಬೇಡಿ."

"ಒಂದ್ಸಲ ಯೋಚ್ನೆ ಮಾಡಿ."

"ನಿನ್ನೆ ಸಭೇಲೇ ಹೇಳ್ಬೇಕಿತ್ತು ಸಾರ್. ಒಂದು ದಿನ ತಡ ಮಾಡಿದೀನಿ. ಅದನ್ನೂ ಬರ್ಕೊಳ್ಳಿ."

ಬರೆದುಕೊಂಡರು. ಸೇವಾ ಕಡತದ ಕೊನೆಯ ಪುಟದಲ್ಲಿ 'ಎಚ್ಚರಿಕೆ' ಬಿತ್ತು. ಫಲಕವನ್ನು ಕಪಾಟಿಗೆ ತಳ್ಳಿದರು. ನಿವೃತ್ತಿಯ ದಿನ ದೊಡ್ಡಮ್ಮನವರು ಕುರ್ಚಿಯ ಮೆತ್ತೆಯನ್ನು ಕಂಕುಳಲ್ಲಿಟ್ಟುಕೊಂಡು, ಮಾಲೆಯಿಲ್ಲದೆ, ಭಾಷಣವಿಲ್ಲದೆ ಗೇಟು ದಾಟಿದರು. ಕಾವಲಿನವರೂ, ಆ ಹೊತ್ತಿಗೆ ಅಂಗಳದಲ್ಲಿದ್ದ ಚಾಲಕರೂ, ನಿರ್ವಾಹಕರೂ ಸುಮ್ಮನೆ ಎದ್ದು ನಿಂತರು. ಈ ಸಂಪುಟ ಹುಟ್ಟಿದ್ದು ಅಲ್ಲಿ, ಆ ಸಿಟ್ಟಿನಲ್ಲಿ. ಆದ್ದರಿಂದಲೇ ಇದರಲ್ಲಿ ಕೇಂದ್ರ ಕಚೇರಿಯ ಶುಭಸಂದೇಶವಿಲ್ಲ. ಉಳಿದ ಲೇಖನಗಳಲ್ಲಿ 'ಕಪ್ಪುಚುಕ್ಕೆಯಿಲ್ಲದ ಸೇವೆ' ಎಂಬ ಮಾತು ಬಂದಲ್ಲೆಲ್ಲ ಓದುಗರು ದಯವಿಟ್ಟು ಹೊಡೆದುಹಾಕಿಕೊಳ್ಳಬೇಕು. ಚುಕ್ಕೆ ಇದೆ. ಅವರೇ ಇಡಿಸಿಕೊಂಡದ್ದು.

ಮೊನ್ನೆ ಸರ್ವರಿನ ಮತ್ತೊಂದು ಪೊಟ್ಟಣ ಬದಲಿಸಬೇಕಾಗಿ ಬಂದಾಗ ಸಾಹೇಬರು ದೊಡ್ಡಮ್ಮನವರ ಮನೆಗೇ ಫೋನು ಮಾಡಿದರು. ಹೊಳೆ ದಾಟಿಸಿದ ಅಂಬಿಗನ ನೆನಪು ಮುಂದಿನ ಹೊಳೆ ಎದುರಾದಾಗ ಬರುತ್ತದೆ. ಒಂದೆರಡು ದಿನ ಬಂದು ಕೂತುಹೋಗಿ, ಕಾರು ಕಳಿಸುತ್ತೇವೆ ಎಂದರು.

"ನಾನ್ಯಾಕೆ ಸಾರ್? ಮೇಲೆ ಗಡಿಬಿಡಿ ಇದಾಳಲ್ಲ. ಅವಳನ್ನ ಕೇಳಿ. ಅವಳು ಏನಾದ್ರೂ ಕೇಳಿದ್ರೆ, ಬೇಡ ಅನ್ನೋಕೆ ಮುಂಚೆ ಪೂರ್ತಿ ಕೇಳಿಸ್ಕೊಳ್ಳಿ."

ಫೋನಿಟ್ಟು, ಈಗ ತಾವು ನೋಡಿಕೊಳ್ಳುತ್ತಿರುವ ಬೀದಿಯ ಚಿಕಿತ್ಸಾಲಯದ ಕಂಪ್ಯೂಟರಿನ ಕಡೆ ಹೊರಟರು, ಎಂದಿನಂತೆ ಅವಸರದಲ್ಲಿ, ಎಂದಿನಂತೆ ಯಾವುದೂ ಸರಿಯಾಗಿರಲಾರದೆಂಬ ಅನುಮಾನದಲ್ಲಿ.

ದೊಡ್ಡಮ್ಮನವರಿಗೆ ಆಯುಸ್ಸು ಉದ್ದವಾಗಿರಲಿ, ಕಾಲಿಗೆ ಬಲವಿರಲಿ, ಕೈಗೆ ಸದಾ ಯಾವುದಾದರೂ ಕೆಟ್ಟ ಯಂತ್ರ ಸಿಗುತ್ತಿರಲಿ, ಯಜಮಾನರೊಡನೆ ಆ ಜಗಳ ಬಹುಕಾಲ ನಡೆಯಲಿ. ಕಡತದಲ್ಲಿರುವ ಎಚ್ಚರಿಕೆಯ ಸಾಲನ್ನು ತೆಗೆಸಲು ಅರ್ಜಿ ಹಾಕೋಣವೆಂದು ಗೆಳೆಯರು ಕೆಲವರು ಓಡಾಡುತ್ತಿದ್ದಾರೆ. ಬೇಡ. ಆ ಸಾಲು ಅಲ್ಲೇ ಇರಲಿ. ಅದು ಅಲ್ಲಿರುವುದರಿಂದಲೇ ಪಾಳಿಪಟ್ಟಿಯ ಮುಂದೆ ಇವತ್ತು ಒಬ್ಬಳು ಕೂತು ಕೆಲಸ ಮಾಡುತ್ತಿದ್ದಾಳೆ.