ಹಾಲಕ್ಕನ ಬಟ್ಟಲಿಗೆ ಕೊಬ್ಬು ಬಂದದ್ದು

ಇಲ್ಲಿ ಬರೆದಿರುವುದೆಲ್ಲ ಸತ್ಯ. ಒಂದಕ್ಷರ ಸುಳ್ಳಿದ್ದರೂ ಓದುವವರ ಮನೆಯ ಹಾಲು ಇವತ್ತೇ ಒಡೆದುಹೋಗಲಿ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯಲ್ಲಿ ಒಂದು ಕಾಲಕ್ಕೆ ಹಾಸಿಗೆ ಬಟ್ಟೆ ತುಂಬಿಡುತ್ತಿದ್ದ, ಈಗ ಹಾಲಿನ ಕೋಣೆಯಾಗಿರುವ ಕಿರುಕೋಣೆಯಲ್ಲಿ ಹಾಲಕ್ಕ ಕೈ ತೊಳೆಯುತ್ತಿದ್ದಾರೆ. ಬೆರಳು, ಬೆರಳ ಸಂದು, ಉಗುರು, ಮಣಿಕಟ್ಟು, ಆಮೇಲೆ ಮೊಣಕೈ. ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ. ವರ್ಷಗಟ್ಟಲೆ ಹೀಗೆ ತೊಳೆದು ತೊಳೆದು ಅವರ ಅಂಗೈಯ ರೇಖೆಗಳೇ ಅಳಿಸಿಹೋಗಿವೆ. ಕೈ ನೋಡಿ ಭವಿಷ್ಯ ಹೇಳುವವನೊಬ್ಬ, "ಇದರಲ್ಲಿ ಇನ್ನೂ ಏನೂ ಬರ್ದೇ ಇಲ್ವಲ್ಲ ತಾಯಿ" ಎಂದು ಕೊಟ್ಟ ಕಾಸನ್ನು ವಾಪಸ್ ಮಾಡಿದನಂತೆ.

ಕೈ ಒಣಗಿದ ಮೇಲೆ ಫ್ರಿಜ್ ತೆರೆಯುತ್ತಾರೆ. ಒಳಗೆ ಸಾಲಾಗಿ ಪುಟ್ಟ ಬಾಟಲಿಗಳು, ಪ್ರತಿಯೊಂದರಲ್ಲೂ ಒಬ್ಬೊಬ್ಬ ತಾಯಿ ಹಿಂಡಿ ಕೊಟ್ಟ ಎದೆಹಾಲು. ಕೆಳಗೆ ತೆಳು ಹಾಲು, ಮೇಲೆ ಬೆರಳಗಲ ಕೆನೆ. ಒಂದನ್ನೆತ್ತಿ ಎರಡೂ ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಉರುಳಿಸುತ್ತಾರೆ. "ಕುಲುಕೋ ಹಾಗಿಲ್ಲ. ನಿದ್ದೆ ಮಾಡ್ತಿರೋರ್ನ ಎಬ್ಬಿಸಿದ ಹಾಗೆ ಎಬ್ಬಿಸ್ಬೇಕು," ಎನ್ನುತ್ತಾರೆ.

ಗಾಜಿನ ಬಾಗಿಲಾಚೆ ಮಲಗಿರುವವರು ದಿನ ತುಂಬುವ ಮೊದಲೇ ಅವಸರ ಮಾಡಿ ಬಂದ ಮಕ್ಕಳು. ಕೆಲವರು ಎಷ್ಟು ಪುಟ್ಟವರೆಂದರೆ ಅಪ್ಪನ ಕೈಗಡಿಯಾರದ ಪಟ್ಟಿಯನ್ನು ಸೊಂಟಕ್ಕೆ ಬಿಗಿದರೂ ಸಡಿಲವಾದೀತು. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಒಟ್ಟಿಗೆ ಮಾಡಲು ಅವರಿಗಿನ್ನೂ ಬಾರದು. ಹಾಗಾಗಿ ಸಿರಿಂಜಿನಲ್ಲಿ ಹಾಲು ತುಂಬಿ ಪಂಪಿಗೆ ಸಿಕ್ಕಿಸುತ್ತಾರೆ. ಪಂಪು ಅದನ್ನು ಮೂಗಿನಿಂದ ಇಳಿಸಿದ ತೆಳ್ಳನೆಯ ನಳಿಗೆಯಲ್ಲಿ ಹನಿಹನಿಯಾಗಿ ಹೊಟ್ಟೆಗೆ ದೂಡುತ್ತದೆ. ಆ ಹಾಲಿನಲ್ಲಿ ಕೊಬ್ಬೆಷ್ಟು, ಸತ್ವವೆಷ್ಟು, ಅದರಲ್ಲಿ ಮಗುವಿನ ಮೈಗೆ ಹತ್ತಿದ್ದೆಷ್ಟು ಎಂದು ಈ ವಾರ್ಡಿನ ಡಾಕ್ಟರಮ್ಮ ಸಂಶೋಧನೆ ಮಾಡುತ್ತಿದ್ದಾರೆ. ಆ ಸಂಶೋಧನೆಯ ಕೈಕಾಲು ಹಾಲಕ್ಕ.

"ನಾವು ಒಂದ್ ಹೊತ್ತು ಊಟ ಬಿಟ್ರೆ ಸಿಡುಕ್ತೀವಿ, ಅಷ್ಟೇ. ಇವ್ರ ಮೈಮೇಲೆ ಕೂಡಿಟ್ಟ ಗಂಟು ಅಂತ ಏನೂ ಇಲ್ಲ. ಇವತ್ತಿಂದು ಇವತ್ತೇ ಸಿಗ್ಬೇಕು," ಎಂದು ಹಾಲಕ್ಕ ವಿವರಿಸುತ್ತಾರೆ.

ದಿನಕ್ಕೆ ನೂರರ ಹತ್ತಿರ ಸಿರಿಂಜು ತುಂಬಬೇಕು. ಪ್ರತಿ ತಾಯಿಯ ಹಾಲಿನ ಒಂದೆರಡು ಹನಿಯನ್ನು ಯಂತ್ರಕ್ಕಿಟ್ಟು ಕೊಬ್ಬು ನೋಡಬೇಕು. ಸಿರಿಂಜಿನಲ್ಲಿ ಉಳಿದದ್ದನ್ನು ಸ್ಟೀಲ್ ಬಟ್ಟಲಿಗೆ ಬಳಿದು ತೂಗಬೇಕು. ಒಳಗೆ ಹೋದದ್ದಕ್ಕೆ ಹೇಗೋ ಹೊರಗೆ ಬಂದದ್ದಕ್ಕೂ ಹಾಗೇ. ಡೈಪರ್ ತೂಗುವುದೂ ಅವರ ಪಾಲಿಗೇ ಬಂದಿದೆ.

ಗಂಡನದು ಮೆಟ್ಟಿಲ ಕೆಳಗೊಂದು ಸ್ಟವ್ ರಿಪೇರಿ ಅಂಗಡಿ. ಈ ಕೆಲಸ ಸಿಕ್ಕ ಹೊಸದರಲ್ಲಿ ಆತ ಕೇಳಿದ್ದು, "ಕಂಡೋರ ಮಕ್ಕಳ ಉಚ್ಚೆ ತೂಗೋಕೂ ಸಂಬಳ ಕೊಡ್ತಾರೇನೇ?"

"ಕೊಡ್ತಾರೆ. ನಿಮ್ಮದನ್ನ ತೂಗು ಅಂದಿದ್ರೆ ಎಷ್ಟು ಕೊಟ್ರೂ ಒಲ್ಲೆ ಅಂತಿದ್ದೆ."

ಅತ್ತೆಯದು ಬೇರೆಯೇ ದೂರು. "ಚಹಾ ಕೇಳಿದ್ರೆ ಲೋಟಾನ ಕಣ್ಣೆತ್ತರಕ್ಕೆ ಹಿಡಿದು ಅಳತೆ ನೋಡಿ ಕೊಡ್ತಾಳೆ. ಒಂದಿನ ಮೂಗಿಗೆ ನಳಿಗೆ ಹಾಕಿದ್ರೂ ಹಾಕಿದ್ಲೇ."

ಹಿಂದೆ ಹಾಲಕ್ಕ ಹಾಲಿನ ಡೈರಿಯಲ್ಲಿ ಕ್ಯಾನು ತೊಳೆಯುತ್ತಿದ್ದರು. ಡೈರಿ ಮುಚ್ಚಿದಾಗ ಆಸ್ಪತ್ರೆಗೆ ಪಾತ್ರೆ ತೊಳೆಯಲು ಬಂದು, ಶುಚಿ ನೋಡಿದ ಡಾಕ್ಟರಮ್ಮನ ಕಣ್ಣಿಗೆ ಬಿದ್ದರು. ನಿಂತು ನಿಂತು ಮೀನಖಂಡದ ನರಗಳು ಗಂಟುಗಟ್ಟಿವೆ. ಸೋಪಿಗೆ ಬೆರಳ ತುದಿಗಳು ಒಡೆದಿವೆ. ಆದರೆ ಅವರ ಬಾಯಿಗೆ ಮಾತ್ರ ಏನೂ ಆಗಿಲ್ಲ. ಹಾಲು ಹಿಂಡಲು ಬರುವ ತಾಯಂದಿರಿಗೆ ಅವರು ಕಥೆ ಹೇಳುತ್ತಾರೆ. ಚಿಂತೆ ಮಾಡುತ್ತಾ ಕೂತರೆ ಹಾಲು ಇಳಿಯುವುದಿಲ್ಲ, ನಕ್ಕರೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಡೈರಿಯಲ್ಲಿದ್ದ ಒಂದು ಹಸು ಕೆಚ್ಚಲು ಮುಟ್ಟುವವರ ಕೈ ತಣ್ಣಗಿದ್ದರೆ ಮುಖ ತಿರುಗಿಸಿ ಸೀನುತ್ತಿತ್ತು, ಬಿಸಿಯಿದ್ದರೆ ಆಕಳಿಸುತ್ತಿತ್ತು ಎಂಬುದು ಅವರ ಕಥೆಗಳಲ್ಲಿ ಅತ್ಯಂತ ಸಪ್ಪೆಯಾದದ್ದು.

ಕೆಲವು ದಿನ ಫ್ರಿಜ್ಜಿನಲ್ಲಿ ಒಂದು ಬಾಟಲಿ ಕುಡಿಯುವವರಿಲ್ಲದೆ ಉಳಿದುಬಿಡುತ್ತದೆ. ಆ ದಿನ ಹಾಲಕ್ಕ ಕಥೆ ಹೇಳುವುದಿಲ್ಲ.

ಅವರು ಮಕ್ಕಳಿಗೆಲ್ಲ ಅಡ್ಡಹೆಸರು ಇಡುತ್ತಾರೆ. ಮೈತುಂಬಿಕೊಂಡವನಿಗೆ ಕಡ್ಡಿ. ಕಿಟಕಿ ಪಕ್ಕದ ಮೂಲೆಯಲ್ಲಿದ್ದ, ವಾರ್ಡಿಗೆಲ್ಲ ಅತಿ ಸಣ್ಣ ಹುಡುಗಿಗೆ ಪೈಲ್ವಾನಮ್ಮ. ಅವಳ ತಾಯಿ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿಯುವವಳು. ಮಾತು ಕಡಿಮೆ, ಹಾಲು ಧಾರಾಳ. ಆದರೆ ಪೈಲ್ವಾನಮ್ಮ ತೂಕ ಹಿಡಿಯಲೊಲ್ಲಳು. ಪಕ್ಕದ ಮಕ್ಕಳು ಇರುವೆ ನಡಿಗೆಯಲ್ಲಾದರೂ ಮೇಲೇರುತ್ತಿದ್ದರೆ ಇವಳು ನಿಂತಲ್ಲೇ ನಿಂತಳು. ಆಮೇಲೆ ಇಳಿಯತೊಡಗಿದಳು.

"ಅಕ್ಕಾ, ನನ್ ಹಾಲು ಬರೀ ನೀರಿರ್ಬೇಕು. ಸುಮ್ನೆ ಯಾಕೆ ಹಿಂಡ್ಲಿ?" ಎಂದಳು ಒಂದು ದಿನ ಆ ತಾಯಿ, ಹಿಂಡುವ ಯಂತ್ರವನ್ನು ಪಕ್ಕಕ್ಕಿಟ್ಟು.

ಹಾಲಕ್ಕ ಅವಳ ಬಾಟಲಿಯನ್ನೇ ತಂದು ಬೆಳಕಿಗೆ ಹಿಡಿದರು. "ಕಣ್ಣಿದೆಯಾ? ನೋಡು ಕೆನೆ. ಇಷ್ಟು ಕೆನೆ ನಮ್ ಡೈರೀಲಿ ಬಂದಿದ್ರೆ ನಾವ್ಯಾಕೆ ಮುಚ್ತಿದ್ವಿ?"

ಕೊಬ್ಬು ಅಳೆಯುವ ಯಂತ್ರವೂ ಅದನ್ನೇ ಹೇಳಿತು, ಹಾಲಿನಲ್ಲಿ ಕೊಬ್ಬಿಗೆ ಕೊರತೆಯಿಲ್ಲ. ಹಾಗಿದ್ದರೆ ಕರುಳು ಹೀರುತ್ತಿಲ್ಲವೇ? ಜೀರ್ಣದ ತೊಂದರೆಯೇ? ಡಾಕ್ಟರಮ್ಮ ಪರೀಕ್ಷೆ ಮೇಲೆ ಪರೀಕ್ಷೆ ಮಾಡಿಸಿದರು, ಏನೂ ಸಿಗಲಿಲ್ಲ. ಕೊನೆಗೆ ಉಳಿದದ್ದು ಒಂದೇ ದಾರಿ, ಮತ್ತೆ ರಕ್ತನಾಳಕ್ಕೆ ಸೂಜಿ ಚುಚ್ಚಿ ಪೋಷಣೆ ಕೊಡುವುದು. ಅದರ ಹಿಂದೆಯೇ ನಂಜೇರುವ ಭಯವೂ ಇತ್ತು. ಹಿಂದೊಮ್ಮೆ ಹಾಗೆ ನಂಜೇರಿಯೇ ಆ ಮಗು ಸಾವಿನ ಬಾಗಿಲು ತಟ್ಟಿ ಬಂದಿತ್ತು. "ನಾಳೆ ಬೆಳಗಿನ ತೂಕ ನೋಡಿ ತೀರ್ಮಾನ ಮಾಡೋಣಮ್ಮ," ಎಂದರು ಡಾಕ್ಟರಮ್ಮ. ತಾಯಿ ತಲೆಯಾಡಿಸಿದಳು. ಆ ಸಂಜೆ ಹಾಲು ಹಿಂಡಲು ಬರಲಿಲ್ಲ.

ಮರುದಿನ ಬೆಳಿಗ್ಗೆ ತೂಕ ಮತ್ತಷ್ಟು ಇಳಿದಿತ್ತು. ಮುಖ ಸಣ್ಣಗೆ ಮಾಡಿಕೊಂಡು ಹಾಲಿನ ಕೋಣೆಗೆ ಬಂದ ಡಾಕ್ಟರಮ್ಮನಿಗೆ ಹಾಲಕ್ಕ ಬಟ್ಟಲು ಉಜ್ಜುತ್ತಲೇ ದೂರು ಕೊಟ್ಟರು.

"ಡಾಕ್ಟರಮ್ಮಾ, ಸೋಪು ಜಾಸ್ತಿ ಕೊಡ್ಸಿ."

"ಈಗ ಸೋಪಿನ ಮಾತಾ ಹಾಲಕ್ಕ?"

"ಮತ್ತೇನ್ ಮಾಡ್ಲಿ? ಬೇರೆ ಮಕ್ಕಳ ಬಟ್ಟಲು ಒಂದ್ಸಲಕ್ಕೆ ಹೋಗುತ್ತೆ. ಈ ಪೈಲ್ವಾನಮ್ಮಂದು ಮೂರ್ ಸಲ ಉಜ್ಜಿದ್ರೂ ಜಿಡ್ಡು. ಮಗು ದಪ್ಪ ಆಗ್ಲಿಲ್ಲ, ನನ್ ಬಟ್ಟಲು ದಪ್ಪ ಆಗ್ತಿದೆ."

ಡಾಕ್ಟರಮ್ಮ ನಕ್ಕರು. ನಗು ಅರ್ಧಕ್ಕೇ ನಿಂತಿತು. ಬಟ್ಟಲೊಳಗೆ ಬೆರಳಾಡಿಸಿ ಹೆಬ್ಬೆರಳಿಗೆ ಉಜ್ಜಿ ನೋಡಿದರು. ತೊಳೆಯದೆ ಉಳಿದಿದ್ದ ಪೈಲ್ವಾನಮ್ಮನ ಇನ್ನೊಂದು ಸಿರಿಂಜಿನ ಹಾಲನ್ನು ತಾವೇ ಯಂತ್ರಕ್ಕಿಟ್ಟರು. ಉಳಿದ ಹಾಲನ್ನು ತೂಗುವ ಪದ್ಧತಿ ಇತ್ತೇ ಹೊರತು ಅದರ ಕೊಬ್ಬು ನೋಡಬೇಕೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಯಂತ್ರ ತೋರಿಸಿದ ಅಂಕಿ ನೋಡಿ ಅವರು ಎರಡನೇ ಸಲ ಇಟ್ಟರು. ಅದು ಹಾಲಲ್ಲ, ಹೆಚ್ಚುಕಡಿಮೆ ಬೆಣ್ಣೆ.

ಇಬ್ಬರೂ ಮೂಲೆಯ ಹಾಸಿಗೆಗೆ ಓಡಿದರು. ಪಂಪಿನ ಹಿಂಬದಿಯ ಕೆಳಗೆ ಅಚ್ಚುಕಟ್ಟಾಗಿ ಮಡಿಸಿದ ಟವೆಲೊಂದಿತ್ತು. ಹಿಂಬದಿ ಮೇಲೆ, ಸಿರಿಂಜಿನ ಮೂತಿ ಕೆಳಗೆ.

"ಇದನ್ನ ಇಲ್ಲಿ ಇಟ್ಟೋರ್ಯಾರು?"

"ನಾನೇ," ಎಂದರು ಹಾಲಕ್ಕ. "ಕಿಟಕಿ ಬಿಸಿಲಿಗೆ ಅಂಕಿ ಕಾಣ್ತಿರ್ಲಿಲ್ಲ. ಪಾಪ, ನರ್ಸಮ್ಮಂದಿರು ಬಗ್ಗಿ ಬಗ್ಗಿ ನೋಡ್ತಿದ್ರು ಅಂತ…"

ಕೆನೆ ಯಾವತ್ತೂ ಮೇಲಕ್ಕೇರುತ್ತದೆ. ಡೈರಿಯಲ್ಲಿ ದುಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೂತಿ ಕೆಳಗಾದಾಗ ಮಗುವಿಗೆ ಹೋದದ್ದು ತಳದ ತೆಳು ಹಾಲು. ಕೆನೆಯೆಲ್ಲ ಸಿರಿಂಜಿನ ಹಿಂಬದಿಗೆ ತೇಲಿ, ಗೋಡೆಗಂಟಿ, ಕೊನೆಗೆ ಹಾಲಕ್ಕನ ಬಟ್ಟಲು ಸೇರುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ನಳಿಗೆಗೇ ಬಂದಿರಲಿಲ್ಲ.

ಹಾಲಕ್ಕ ಅಲ್ಲೇ ಗೋಡೆಗೊರಗಿದರು. "ನನ್ ಕೈಯಾರೆ ಮಗೂನ ಉಪವಾಸ ಕೆಡವಿದ್ನಲ್ಲಮ್ಮಾ."

"ನಾನೂ ದಿನಾ ಇದ್ರ ಮುಂದೇನೇ ನಿಂತು ಅಂಕಿ ಓದಿದೀನಿ ಹಾಲಕ್ಕ," ಎಂದರು ಡಾಕ್ಟರಮ್ಮ. "ಬಹಳ ಚೆನ್ನಾಗಿ ಕಾಣ್ತಿತ್ತು."

ಟವೆಲನ್ನು ಎಳೆದು ಪಂಪಿನ ಮುಂಬದಿಯ ಕೆಳಗೆ ಇಟ್ಟರು. ಮೂತಿ ಮೇಲಾಯಿತು. ಸೂಜಿಯ ಯೋಚನೆಯನ್ನು ಒಂದೆರಡು ದಿನ ಮುಂದೂಡಿದರು. ಹಾಲಕ್ಕ ಅಲ್ಲಿಂದ ನೇರ ತಾಯಿಯ ಬಳಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು, ಟವೆಲ್ ತನ್ನದೆಂಬುದನ್ನೂ ಸೇರಿಸಿ.

"ಹಾಗಾದ್ರೆ ನನ್ ಹಾಲು ನೀರಲ್ವಾ ಅಕ್ಕ?"

"ಅಲ್ಲ ಕಣಮ್ಮ."

ತಾಯಿ ಎದ್ದು ಹಾಲಿನ ಕೋಣೆಗೆ ನಡೆದಳು. ಆ ಹೊತ್ತು ಅವಳು ಹಿಂಡಿದ ಹಾಲಿಗೆ ಬಾಟಲಿಗಳು ಸಾಲದೆ ಹಾಲಕ್ಕ ಹೂಜಿ, ಬಕೆಟ್ಟು, ಕೊನೆಗೆ ಕಾವಲುಗಾರನ ಹೆಲ್ಮೆಟ್ಟನ್ನೂ ತರಿಸಬೇಕಾಯಿತು. ಕಾವಲುಗಾರ ಇದನ್ನು ಒಪ್ಪುವುದಿಲ್ಲ. ಅವನ ಮಾತು ಹೋಗಲಿ ಬಿಡಿ.

ಮೂರನೇ ಬೆಳಿಗ್ಗೆ ತಕ್ಕಡಿಯ ಅಂಕಿ ಮೇಲೆ ಹೋಗಿತ್ತು, ಒಂದು ಚಮಚ ಸಕ್ಕರೆಯಷ್ಟು. ಹಾಲಕ್ಕ ಮಗುವನ್ನೆತ್ತಿ, ತಕ್ಕಡಿ ಒರೆಸಿ, ಮತ್ತೆ ಮಲಗಿಸಿದರು. ಅಷ್ಟೇ ಇತ್ತು. ನರ್ಸಮ್ಮನನ್ನು ಕರೆದು ತೂಗಿಸಿದರು. ಆಗಲೂ ಅಷ್ಟೇ. ಆಮೇಲೆ ಹಾಲಿನ ಕೋಣೆಗೆ ಹೋಗಿ, ನಲ್ಲಿಯನ್ನು ಜೋರಾಗಿ ಬಿಟ್ಟು, ಅದರ ಸದ್ದಿನಲ್ಲಿ ಮನಸಾರೆ ಅತ್ತರು.

ಈಗ ಆ ವಾರ್ಡಿನ ಎಲ್ಲ ಪಂಪುಗಳೂ ಮೂತಿ ಮೇಲೆತ್ತಿ ನಿಂತಿವೆ. ಉಳಿದ ಹಾಲಿನ ಕೊಬ್ಬನ್ನೂ ಅಳೆಯುತ್ತಾರೆ. ಡಾಕ್ಟರಮ್ಮ ದೊಡ್ಡ ದೊಡ್ಡ ವೈದ್ಯರ ಸಭೆಯೊಂದರಲ್ಲಿ ಈ ಪ್ರಸಂಗ ಹೇಳಿ, ಪರದೆಯ ಮೇಲೆ ಬಟ್ಟಲಿನ ಚಿತ್ರವನ್ನೂ ತೋರಿಸಿ ಬಂದರು. ಸುದ್ದಿ ಕೇಳಿದ ಹಾಲಕ್ಕನ ಪ್ರಶ್ನೆ ಒಂದೇ: "ಫೋಟೋ ತೆಗೆಯೋ ಮುಂಚೆ ನಂಗೊಂದ್ ಮಾತು ಹೇಳ್ಬಾರ್ದಾ? ತೊಳೆದು ಕೊಡ್ತಿದ್ದೆ."

ಇವತ್ತು ಪೈಲ್ವಾನಮ್ಮನ ಮೂಗಿನಲ್ಲಿ ನಳಿಗೆಯಿಲ್ಲ. ಎರಡು ದಿನದಿಂದ ತಾಯಿಯೇ ಎದೆಗಿಟ್ಟು ಕುಡಿಸುತ್ತಿದ್ದಾಳೆ. ತಾನಾಗಿ ಹಸಿದು, ತಾನಾಗಿ ಕೇಳಿ ಕುಡಿದರೆ ಮನೆಗೆ ಕಳಿಸುವುದೆಂದು ಡಾಕ್ಟರಮ್ಮ ಹೇಳಿದ್ದಾರೆ. ಇದುವರೆಗೆ ಮಾತ್ರ ಅವಳನ್ನು ಎಬ್ಬಿಸಿ ಎಬ್ಬಿಸಿಯೇ ಕುಡಿಸಬೇಕಾಗಿದೆ. ಹಾಲಿನ ಕೋಣೆಯ ಸ್ಟೂಲಿನ ಮೇಲೆ ಕೂತ ತಾಯಿ, ಸಿರಿಂಜು ತುಂಬುತ್ತಿರುವ ಹಾಲಕ್ಕನನ್ನು ಕೇಳುತ್ತಾಳೆ.

"ಅಕ್ಕಾ, ಹೋಗೋ ಮುಂಚೆ ನಿಮಗೇನಾದ್ರೂ ಕೊಡ್ಬೇಕು ಅಂತ ಆಸೆ. ಏನ್ ಬೇಕು ಹೇಳಿ."

"ನಂಗೇನಮ್ಮ ಬೇಕು? ಸೋಪಂತೂ ಈಗ ಉಳೀತಿದೆ." ಹಾಲಕ್ಕ ಸಿರಿಂಜನ್ನು ಬೆಳಕಿಗೆ ಹಿಡಿಯುತ್ತಾರೆ. "ಒಂದೇ ಒಂದು ಆಸೆ ಇದೆ. ಇಲ್ಲಿಂದ ಹೋದ ಮಕ್ಕಳೆಲ್ಲ ದೊಡ್ಡೋರಾಗಿ, ಒಂದಿನ ಒಟ್ಟಿಗೆ ಬರ್ಬೇಕು. ಬಂದು ಎಲ್ರೂ ಲಿಫ್ಟ್ ಹತ್ಬೇಕು. ಲಿಫ್ಟು ಭಾರ ತಡೀದೆ ಕುಂಯ್ ಅಂತ ಅಲ್ಲೇ ನಿಂತ್ಹೋಗ್ಬೇಕು. ಆಗ ನಾನು…"

ಗಾಜಿನ ಬಾಗಿಲಾಚೆ, ಕಿಟಕಿ ಪಕ್ಕದ ಮೂಲೆಯಿಂದ ಒಂದು ಅಳು ಕೇಳುತ್ತದೆ. ಗಟ್ಟಿಯಾದ, ಸಿಟ್ಟಿನ, ಹೊಟ್ಟೆಯಾಳದ ಅಳು. ಇಡೀ ವಾರ್ಡಿನಲ್ಲಿ ಇದುವರೆಗೆ ಯಾರೂ ಕೇಳದ ದನಿ.

"…ಆಗ ನಾನು ಬಾಗಿಲ ಹತ್ರ ನಿಂತು, ಯಾರ್ರೋ ಅದು ಇಷ್ಟು ದಪ್ಪ, ಇಳೀರೋ ಕೆಳಗೆ ಅಂತ ಗದರಿಸಿ, ಆಮೇಲೆ ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸ್ಕೊಂಡು…"

ತಿರುಗಿ ನೋಡಿದರೆ ಸ್ಟೂಲಿನ ಪಕ್ಕ ಒಂದು ಜೊತೆ ಚಪ್ಪಲಿ ಮಾತ್ರ ಇದೆ.